ಅಳತೆಗೋಲಿನಿಂದ ಕಿತ್ತ ಪ್ರಶ್ನೆ

ಕುಡುಕ ಎಂಬ ಮಾತು ಕಿವಿಗೆ ಬಿದ್ದಾಗ ನಿಮ್ಮ ಕಣ್ಣ ಮುಂದೆ ಎಂದಾದರೂ ಒಬ್ಬ ಹೆಂಗಸು ಬಂದು ನಿಂತದ್ದುಂಟೇ? ಇಲ್ಲ. ಬಂದು ನಿಲ್ಲುವವನು ಗಂಡಸು. ಅವನ ಅಂಗಿಯ ಗುಂಡಿ ಕಳಚಿರುತ್ತದೆ, ಬಾಯಿ ಹೊಲಸಾಗಿರುತ್ತದೆ, ಕಾಲು ಒಂದು ಕಡೆ ಎಳೆದರೆ ತಲೆ ಇನ್ನೊಂದು ಕಡೆ ಎಳೆಯುತ್ತದೆ. ನೀವು ಮೂಗು ಮುಚ್ಚಿಕೊಂಡು ದಾಟುತ್ತೀರಿ, ಮನಸ್ಸಿದ್ದರೆ ಅಯ್ಯೋ ಎನ್ನುತ್ತೀರಿ. ಅವನು ಕುಡುಕನೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ, ಬೀದಿಗೆ ಬೀದಿಯೇ ಸಾಕ್ಷಿ ಹೇಳುತ್ತದೆ. ಬೀದಿಗೆ ಬಾರದ ಕುಡಿತವನ್ನು ಕುಡಿತವೆಂದೇ ಲೆಕ್ಕಕ್ಕೆ ಹಿಡಿಯದ ಈ ಅಭ್ಯಾಸ ನಿಮ್ಮೊಬ್ಬರದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಅದು ಗಣಿತದೊಳಕ್ಕೂ ನುಸುಳಿತು. ವಿದ್ಯಾವಂತರ ಕೈಯಿಂದ ಮುದ್ರೆ ಒತ್ತಿಸಿಕೊಂಡು ಆಸ್ಪತ್ರೆಯ ಬಾಗಿಲಲ್ಲಿ ಕಾವಲಿಗೆ ನಿಂತಿತು. ಅದು ಹೇಗೆ ನಿಂತಿತು, ಯಾರನ್ನು ತಡೆಯಿತು ಎಂಬುದೇ ಈ ಕಥೆ.

ಇಬ್ಬರು ಅಕ್ಕತಂಗಿಯರಿದ್ದರು. ತಂಗಿ ಸಂಖ್ಯಾಶಾಸ್ತ್ರ ಓದಿದವಳು. ದೊಡ್ಡ ಆಸ್ಪತ್ರೆಯೊಂದರ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಘಟಕದ ಹಬೆ ಸದಾ ಕಿಟಕಿಗೆ ಬಡಿಯುವ ಕಟ್ಟಡದ ಮೇಲಂತಸ್ತಿನಲ್ಲಿ ಅವಳ ಸಂಶೋಧನಾ ಸಂಸ್ಥೆ. ಅವಳ ಮೇಜಿನ ಮೇಲೆ ಒಂದು ಗಣಕಯಂತ್ರ, ಒಂದು ನೀರಿನ ಲೋಟ, ಮೊನೆ ಸದಾ ಚೂಪಾಗಿರುವ ಪೆನ್ಸಿಲುಗಳು, ಬೇರೇನೂ ಇರಕೂಡದು. ಚಿಕ್ಕಂದಿನಲ್ಲಿ ಯಾವ ತಿನಿಸು ಹಂಚಿದರೂ "ಎಲ್ಲರಿಗೂ ಸಮ ಬಂತಾ?" ಎಂದು ಬಗ್ಗಿ ನೋಡಿಯೇ ಬಾಯಿಗಿಡುತ್ತಿದ್ದವಳು ಎಂದು ಅಕ್ಕ ಅವಳಿಗೆ 'ಸರಾಸರಿ' ಎಂದು ಅಡ್ಡಹೆಸರಿಟ್ಟಿದ್ದಳು. ಕೂದಲು ನೆರೆತರೂ ಅದೇ ಹೆಸರು ಉಳಿದಿತ್ತು.

ಅಕ್ಕ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ತಾಯಿ ಬೇಗ ಕಣ್ಣು ಮುಚ್ಚಿದ್ದರಿಂದ ತಂಗಿಯ ಜಡೆ ಹೆಣೆದವಳೂ ಅವಳೇ, ಶುಲ್ಕ ಕಟ್ಟಿದವಳೂ ಅವಳೇ, ಪರೀಕ್ಷೆಯ ದಿನ ಬಸ್ಸು ತಪ್ಪಿದಾಗ ಹಾಲಿನ ಗಾಡಿಯವನ ಕೈಕಾಲು ಹಿಡಿದು ತಂಗಿಯನ್ನು ಕ್ಯಾನುಗಳ ನಡುವೆ ಕೂರಿಸಿ ಕಳಿಸಿದವಳೂ ಅವಳೇ. ತಂಗಿಯ ಪದವಿಯ ಪ್ರತಿ ಅಕ್ಷರವೂ ಅಕ್ಕನ ಹೊಲಿಗೆ ಯಂತ್ರದ ಕಾಲುಹಲಗೆಯಿಂದ ಬಂದದ್ದು. ಇದನ್ನು ತಂಗಿ ಮರೆತಿರಲಿಲ್ಲ. ಮರೆತಿದ್ದರೆ ಈ ಕಥೆಗೆ ಇಷ್ಟು ನೋವಿರುತ್ತಿರಲಿಲ್ಲ.

ಈಗ ತಂಗಿಯ ಕೆಲಸದ ವಿಚಾರ. ಜ್ವರ ಅಳೆಯಲು ಕಡ್ಡಿಯುಂಟು, ತೂಕಕ್ಕೆ ತಕ್ಕಡಿಯುಂಟು. ಕುಡಿತದ ತೊಂದರೆ ಒಬ್ಬನಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಅಳೆಯಲು ಏನುಂಟು? ಪ್ರಶ್ನೆಗಳುಂಟು. ಪ್ರತಿ ಪ್ರಶ್ನೆಗೂ ಏಣಿಯ ಮೆಟ್ಟಿಲಿನ ಹಾಗೆ ಒಂದು ಎತ್ತರವುಂಟು. 'ಅಂದುಕೊಂಡದ್ದಕ್ಕಿಂತ ಹೆಚ್ಚು ಕುಡಿದದ್ದುಂಟೇ?' ಎಂಬುದು ನೆಲದ ಹತ್ತಿರದ ಮೆಟ್ಟಿಲು. ಕುಡಿಯುವವರಲ್ಲಿ ಇಲ್ಲವೆನ್ನುವವರು ವಿರಳ. 'ಕುಡಿದದ್ದರಿಂದ ಕೆಲಸ ಕೆಟ್ಟಿತೇ?', 'ಹೊಡೆದಾಟವಾಯಿತೇ?', 'ಮನೆಯವರು ಆಕ್ಷೇಪಿಸಿದರೇ?' ಎಂಬವು ನಡುವಿನವು. 'ಬೆಳಿಗ್ಗೆ ಕೈನಡುಕ ನಿಲ್ಲಿಸಲು ಕುಡಿಯಬೇಕಾಯಿತೇ?' ಎಂಬುದು ತುತ್ತತುದಿ. ತುದಿಯಲ್ಲಿ ನಿಂತವನು ಕೆಳಗಿನ ಮೆಟ್ಟಿಲುಗಳನ್ನು ತುಳಿದೇ ಬಂದಿರಬೇಕು ಎಂಬುದು ಇಡೀ ಲೆಕ್ಕದ ತಳಪಾಯ. ಸಾವಿರಾರು ಜನರ ಉತ್ತರಗಳನ್ನು ಯಂತ್ರಕ್ಕೆ ಉಣಿಸಿದರೆ, ಯಾವ ಪ್ರಶ್ನೆ ರೋಗದ ಆಳವನ್ನು ಚೆನ್ನಾಗಿ ಬೇರ್ಪಡಿಸುತ್ತದೆ, ಯಾವುದು ಸುಮ್ಮನೆ ಜಾಗ ತಿನ್ನುತ್ತದೆ ಎಂದು ಯಂತ್ರ ಒಂದೊಂದಕ್ಕೂ ಒಂದು ಗೆರೆ ಎಳೆದು ತೋರಿಸುತ್ತದೆ. ಒಳ್ಳೆಯ ಪ್ರಶ್ನೆಯ ಗೆರೆ ಗುಡ್ಡದಂತೆ ಏರುತ್ತದೆ. ಕೆಟ್ಟದ್ದು ಚಾಪೆಯಂತೆ ಮಲಗಿರುತ್ತದೆ.

ತಂಗಿ ಈ ಕೆಲಸವನ್ನು ವ್ರತದಂತೆ ಮಾಡಿದಳು. ಅದಕ್ಕೆ ಕಾರಣವಿತ್ತು. ಚಟ ಬಿಡಿಸುವ ವಾರ್ಡಿನಲ್ಲಿ ಹಾಸಿಗೆಗಳು ಬೆರಳೆಣಿಕೆ, ಕಾಯುವವರು ಬಾಗಿಲ ತುಂಬ. ಆ ತನಕ ಹಾಸಿಗೆ ಸಿಗುತ್ತಿದ್ದುದು ದೊಡ್ಡವರ ಚೀಟಿ ತಂದವರಿಗೆ, ಜೋರಾಗಿ ಕೂಗಿದವರಿಗೆ. ಇದು ಅನ್ಯಾಯವೆಂದು ತಂಗಿಗೆ ಕಂಡಿತು. ಆದ್ದರಿಂದ ಅವಳು ಅಳತೆಗೋಲಿನ ಜೊತೆಗೆ ಕೈಪಿಡಿಯೊಂದನ್ನು ಬರೆದು ಬೇಲಿ ಹಾಕಿದಳು. ಅಂಕವೊಂದೇ ಆಧಾರ. ಸಂಬಂಧಿಕರ ಮಾತಿನಿಂದ ಅಂಕ ಬದಲಾಗದು. ಒಮ್ಮೆ ಅಳೆದವರನ್ನು ಅರ್ಧ ವರ್ಷ ಮತ್ತೆ ಅಳೆಯಕೂಡದು, ಏಕೆಂದರೆ ಜನ ಉತ್ತರ ಕಲಿತುಕೊಂಡು ಬರುತ್ತಾರೆ. ಕೆಳಗಿನ ಮೆಟ್ಟಿಲಿಗೆ ಇಲ್ಲವೆಂದು ಮೇಲಿನದಕ್ಕೆ ಹೌದೆಂದರೆ 'ಉತ್ತರಗಳು ಹೊಂದುವುದಿಲ್ಲ' ಎಂದು ಗುರುತು ಹಾಕಬೇಕು. ಒಂದೊಂದು ನಿಯಮವೂ ನ್ಯಾಯದ ಹೆಸರಿನಲ್ಲೇ ಹುಟ್ಟಿತು. ಕೆಟ್ಟ ಉದ್ದೇಶ ಒಂದರಲ್ಲೂ ಇರಲಿಲ್ಲ, ಮತ್ತು ಒಳ್ಳೆಯ ಉದ್ದೇಶ ಇದ್ದಾಗ ನಾವು ಎರಡನೆಯ ಸಲ ಕಣ್ಣಾಡಿಸುವುದಿಲ್ಲ.

ಕೊನೆಯ ಪರಿಶೀಲನೆಯ ದಿನ ಪರದೆಯ ಮೇಲೆ ಒಂದು ಪ್ರಶ್ನೆಯ ಗೆರೆ ಚಾಪೆಯಂತೆ ಮಲಗಿತ್ತು. 'ಮನೆಯವರಿಗೆ ತಿಳಿಯದ ಹಾಗೆ ಬಾಟಲಿಯನ್ನು ಬಚ್ಚಿಡುತ್ತೀರಾ?'

ಸಂಸ್ಥೆಯ ನಿರ್ದೇಶಕರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಅವರು ಸೌಜನ್ಯದ ಮನುಷ್ಯ, ಗುಮಾಸ್ತನಿಗೂ ಬಹುವಚನ ಬಳಸುವವರು.

"ಇದ್ಯಾಕಮ್ಮ ಹೀಗೆ ಕಾಲು ಚಾಚಿ ಮಲಗಿದೆ?"

"ಇದಕ್ಕೆ ಹೌದು ಅಂದವರು ನಡುವಿನದಕ್ಕೆಲ್ಲ ಇಲ್ಲ ಅಂದಿದ್ದಾರೆ ಸರ್. ಜಗಳ ಇಲ್ಲ, ಬಿದ್ದಿಲ್ಲ, ಕೆಲಸ ತಪ್ಪಿಸಿಲ್ಲ. ಒಂದಕ್ಕೊಂದು ತಾಳೆ ಆಗ್ತಿಲ್ಲ."

"ಯಾರವರು?"

ತಂಗಿ ನೋಡಿದಳು. "ಹೆಚ್ಚಿನವರು ಹೆಂಗಸರು. ಎಲ್ಲರನ್ನೂ ಸೇರಿಸಿದ್ರೂ ನಮ್ಮ ಹೊರಗಿನ ಬೆಂಚು ತುಂಬಲ್ಲ."

"ಬೆಂಚು ತುಂಬದಷ್ಟು ಜನರ ಮಾತು ಕೇಳಿ ನಾವು ತೀರ್ಮಾನ ಮಾಡಕ್ಕಾಗುತ್ತಾ? ಹೆಂಗಸರದನ್ನೇ ಬೇರೆ ಮಾಡಿ ನೋಡಬಹುದಾ?"

"ಸಂಖ್ಯೆ ಸಾಲದು ಸರ್. ಬೇರೆ ಮಾಡಿದರೆ ಗೆರೆಯೇ ನಿಲ್ಲಲ್ಲ."

"ಹಾಗಾದ್ರೆ ಕಿತ್ತುಬಿಡಿ. ಕಳೆ ತೆಗೆದಷ್ಟೂ ಪೈರು ಚೆನ್ನ."

ತಂಗಿ ಕಿತ್ತಳು. ಕಿತ್ತೊಡನೆ ಉಳಿದ ಗೆರೆಗಳೆಲ್ಲ ಇನ್ನಷ್ಟು ಚೆಂದವಾಗಿ ನಿಂತವು. ಅವಳಿಗೆ, ಹೊಲದ ನಡುವಿನ ಕಲ್ಲು ಎತ್ತಿಹಾಕಿದವರಿಗೆ ಆಗುವಂಥ ಹಗುರ ಆಯಿತು. ಆ ಹೆಂಗಸರು ಏಕೆ ಅಷ್ಟು ಕಡಿಮೆ ಇದ್ದಾರೆ ಎಂದು ಅಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಆಸ್ಪತ್ರೆಯ ತನಕ ಬರಲು ಧೈರ್ಯ ಬೇಕು. ಧೈರ್ಯ ಮಾಡಿ ಬಂದವರನ್ನೂ ಪ್ರಶ್ನೆಗಳು ಹಿಂದಕ್ಕೆ ಅಟ್ಟುತ್ತವೆ. ಅಟ್ಟಿದ ಮೇಲೆ ಅವರು ಲೆಕ್ಕದಲ್ಲಿ ಕಾಣುವುದಿಲ್ಲ. ಲೆಕ್ಕದಲ್ಲಿ ಕಾಣದವರಿಗಾಗಿ ಪ್ರಶ್ನೆ ಉಳಿಸುವುದಿಲ್ಲ. ಗಾಣದ ಎತ್ತಿಗಾದರೂ ತಾನು ಸುತ್ತುತ್ತಿದ್ದೇನೆಂಬ ಸುಳಿವಿರುತ್ತದೆ, ಆ ಕೋಣೆಯಲ್ಲಿದ್ದವರಿಗೆ ಅದೂ ಇರಲಿಲ್ಲ.

ಅಳತೆಗೋಲು ಪ್ರಕಟವಾಯಿತು. ಬೇರೆ ಬೇರೆ ಆಸ್ಪತ್ರೆಗಳು ಅದನ್ನು ತರಿಸಿಕೊಂಡವು. ಜನ ಬಂದು ಭೇಷ್ ಎಂದರು.

ಮಾರನೆಯ ವರ್ಷ ಒಂದು ಮಧ್ಯಾಹ್ನ, ತಂಗಿಯ ಕೋಣೆಯ ಬಾಗಿಲಲ್ಲಿ ಭಾವ ನಿಂತಿದ್ದ. ಭಾವ ನೀರು ಸರಬರಾಜು ಕಚೇರಿಯಲ್ಲಿ ಮೇಲ್ವಿಚಾರಕ. ಇಸ್ತ್ರಿಯ ಅಂಗಿ, ಮಾತಿಗೊಮ್ಮೆ ಮಾನ ಎನ್ನುವ ಬಾಯಿ. ಎಂದೂ ಇಲ್ಲಿಗೆ ಬಂದವನಲ್ಲ. ಅಂದು ಅವನ ಮುಖ ಪರೀಕ್ಷೆ ಪಾಸಾದವನ ಮುಖದಂತೆ ಅರಳಿತ್ತು.

"ಏನು ಭಾವ, ಅಕ್ಕ ಹುಷಾರಾ?"

"ಹುಷಾರು ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ! ನೋಡು, ನಿಮ್ಮದೇ ಮುದ್ರೆ." ಅವನು ಮಡಿಸಿದ ಕಾಗದ ಬಿಡಿಸಿ ಮೇಜಿನ ಮೇಲಿಟ್ಟ. "ನಿಮ್ಮಕ್ಕ ಇದ್ದಾಳಲ್ಲ, ಯಾರಿಗೂ ಹೇಳದೆ ಕೇಳದೆ ಒಬ್ಬಳೇ ಇಲ್ಲಿಗೆ ಬಂದು, ನಾನು ಕುಡೀತೀನಿ, ನನ್ನ ಸೇರಿಸ್ಕೊಳ್ಳಿ ಅಂದಳಂತೆ. ನನ್ನ ಮಾನ ಏನಾಗಬೇಕು? ಪುಣ್ಯಕ್ಕೆ ಇಲ್ಲಿಯವರು ಬುದ್ಧಿವಂತರು. ಅಳತೆ ಮಾಡಿ, ನಿನಗೇನೂ ಇಲ್ಲ, ಮನೆಗೆ ಹೋಗಮ್ಮ ಅಂತ ಕಳಿಸಿದ್ದಾರೆ. ಒಂದು ಸಲ ನೀನೂ ನೋಡಿ ಹೇಳಿಬಿಡು, ಅವಳಿಗೆ ಸಮಾಧಾನ ಆಗುತ್ತೆ."

ತಂಗಿಗೆ ಮೊದಲು ಅರ್ಥವಾದದ್ದು ಭಾವನ ಮಾತಲ್ಲ, ಕಾಗದ. ಉತ್ತರಗಳ ಸಾಲನ್ನು ಅವಳು ಇತರರು ಮುಖ ಓದುವ ಹಾಗೆ ಓದಬಲ್ಲಳು. ಇಲ್ಲ, ಇಲ್ಲ, ಇಲ್ಲ. ನಡುವಿನ ಮೆಟ್ಟಿಲುಗಳೆಲ್ಲ ಇಲ್ಲ. ತುತ್ತತುದಿಗೆ ಹೌದು. ಕೆಳಗೆ: 'ಉತ್ತರಗಳು ಹೊಂದುವುದಿಲ್ಲ. ತೀವ್ರತೆ: ಸೌಮ್ಯ. ಮನೆಯಲ್ಲಿಯೇ ಕುಡಿತ ನಿಲ್ಲಿಸಲು ಸಲಹೆ ನೀಡಲಾಗಿದೆ.' ಆ ಕೊನೆಯ ವಾಕ್ಯವನ್ನು ಬರೆದವಳು ತಾನೇ. 'ನೀಡಲಾಗಿದೆ' ಎನ್ನಲೋ 'ನೀಡಿದೆ' ಎನ್ನಲೋ ಎಂದು ಒಂದು ಬೆಳಗು ಪೂರ್ತಿ ಯೋಚಿಸಿದ್ದಳು.

ಸಂಜೆ ಅವಳು ಅಕ್ಕನ ಮನೆಗೆ ಹೋದಳು. ಬೀದಿಗೆ ತೆರೆದ ಮುಂಗೋಣೆ. ಯಂತ್ರದ ಪಕ್ಕ ನೀಲಿ ಲಂಗಗಳ ಅಟ್ಟಿ, ಬಾಗಿಲ ಹಿಂದೆ ಅಳತೆ ಟೇಪು, ನೆಲದಲ್ಲಿ ಒಂದು ನೂಲಿನ ಚೂರೂ ಇಲ್ಲ. ಅಕ್ಕ ಲಂಗದ ಅಂಚು ಹೊಲಿಯುತ್ತಿದ್ದಳು. ಹೊಲಿಗೆ ಗೆರೆ ಎಳೆದಂತೆ ನೇರವಾಗಿ ಓಡುತ್ತಿತ್ತು.

"ಬಾರೇ ಸರಾಸರಿ. ನಿನ್ನ ಭಾವ ಬಂದು ಡಂಗುರ ಹೊಡೆದರು ಅನ್ಸುತ್ತೆ."

"ಯಾವಾಗಿಂದ ಅಕ್ಕ?"

"ಅದನ್ನ ನಿಮ್ಮ ಆಸ್ಪತ್ರೆ ಹುಡುಗಿ ಕೇಳಲೇ ಇಲ್ಲ ನೋಡು." ಅಕ್ಕ ಯಂತ್ರ ನಿಲ್ಲಿಸಿದಳು. "ಅತ್ತೆಯೋರು ಹಾಸಿಗೆ ಹಿಡಿದ ವರ್ಷ ನಿದ್ದೆ ಬರ್ತಿರಲಿಲ್ಲ. ಭಾವನ ಅಲ್ಮೇರಾದಲ್ಲಿತ್ತು, ಒಂದು ಗುಟುಕು. ಆಮೇಲೆ ಅತ್ತೆ ಹೋದರು, ಇದು ಉಳೀತು. ಗಂಟು ಬಿದ್ದ ದಾರ ಕಣೆ, ಎಳೆದಷ್ಟೂ ಬಿಗಿ."

"ಮುಂಗೋಣೆಯಲ್ಲಿ ಎಲ್ಲರ ಮುಂದೆ ಇದ್ದೀಯಲ್ಲೇ. ಎಲ್ಲಿಡ್ತೀಯ?"

ಅಕ್ಕ ಇಸ್ತ್ರಿಮೇಜಿನ ಮೇಲಿದ್ದ, ನೀರು ಚಿಮುಕಿಸುವ ಬಾಟಲಿಯನ್ನು ಗಲ್ಲದಿಂದ ತೋರಿಸಿದಳು. ನಕ್ಕಳು. ಆ ನಗುವಿನಲ್ಲಿ ಜಂಬವಿತ್ತು, ಮತ್ತು ಆ ಜಂಬವನ್ನು ಕಂಡ ತಂಗಿಗೆ ಅಳು ಬಂತು. "ಅಳಬೇಡ್ವೆ. ಲಂಗ ಒದ್ದೆಯಾದ್ರೆ ಮತ್ತೆ ಇಸ್ತ್ರಿ ಮಾಡ್ಬೇಕಾಗುತ್ತೆ, ಆ ಬಾಟಲೀಲಿ ನೀರು ಬೇರೆ ಇಲ್ಲ."

"ಯಾಕೆ ಎಲ್ಲದಕ್ಕೂ ಇಲ್ಲ ಅಂದೆ?"

"ಇದ್ದದ್ದನ್ನ ಹೇಳಿದೆ. ಕುಡಿದು ಕೆಲಸ ಕೆಟ್ಟಿದೆಯಾ ಅಂದಳು. ಕುಡಿಯದೆ ಇದ್ರೆ ತಾನೇ ಕೆಡೋದು! ಬೆಳಿಗ್ಗೆ ಒಂದು ಗುಟುಕು ಬೀಳೋ ತನಕ ಸೂಜಿಗೆ ದಾರ ಪೋಣಿಸಕ್ಕಾಗಲ್ಲ, ಕೈ ಹೀಗೆ, ಒಣಗಿದ ಎಲೆ. ಬಿದ್ದ ಮೇಲೆ ನೋಡು, ಹೇಗೆ ಓಡುತ್ತೆ ಹೊಲಿಗೆ. ಹೊಡೆದಾಡಿದ್ದೀರಾ ಅಂದಳು. ಯಾರ ಜೊತೆ, ಈ ಲಂಗಗಳ ಜೊತೆಯಾ? ಮನೆಯವರು ಆಕ್ಷೇಪಿಸಿದರಾ ಅಂದಳು. ಭಾವಂಗೆ ವಾಸನೆ ಬಡಿದಿಲ್ಲ ಅಂದ್ಕೊಂಡಿದ್ದೀಯಾ? ಬಾಯಿ ಬಿಟ್ಟರೆ ಮಾನ ಹೋಗುತ್ತಲ್ಲ! ಪೊಲೀಸು, ಗಾಡಿ, ಬೀದಿ... ಆ ಹುಡುಗಿ ಕೇಳ್ತಾ ಕೇಳ್ತಾ ನನಗೇ ಅನ್ನಿಸ್ತು, ಇದು ಯಾರಿಗೋ ಹೊಲಿದ ಅಂಗಿ, ತಪ್ಪಿ ನನಗೆ ತೊಡಿಸ್ತಿದ್ದಾಳೆ ಅಂತ."

"ಇನ್ನೊಂದು ಸಲ ಹೋಗೋಣ. ಬೇರೆ ಆಸ್ಪತ್ರೆಗೆ. ನಾನು ಹೇಳಿಕೊಡ್ತೀನಿ. ಬಿದ್ದೆ ಅನ್ನು, ಜಗಳ ಆಡಿದೆ ಅನ್ನು."

ಹೇಳಿದ ಮೇಲೆ ತಂಗಿಗೆ ತಾನಾಡಿದ ಮಾತು ಕೇಳಿಸಿತು. ಜನ ಉತ್ತರ ಕಲಿತು ಬರುತ್ತಾರೆ ಎಂದು ಬೇಲಿ ಹಾಕಿದವಳು ತಾನೇ ಪಾಠ ಹೇಳಲು ಕುಳಿತಿದ್ದಳು.

ಅಕ್ಕ ಲಂಗದ ನಿರಿಗೆಯನ್ನು ಬೆರಳಿನಿಂದ ತೀಡಿದಳು. "ಅಲ್ಲಿಗೆ ಹೋಗೋಕೆ ಎಷ್ಟು ಧೈರ್ಯ ಕೂಡಿಸಿದ್ದೆ ಗೊತ್ತಾ? ಎರಡು ಸಲ ಗೇಟಿನಿಂದ ವಾಪಸ್ ಬಂದಿದ್ದೆ. ಮೂರನೇ ಸಲ ಒಳಗೆ ಹೋಗಿ, ಬಾಯಿಬಿಟ್ಟು ಹೇಳಿದೆ. ಅವರು ಹೊಂದಲ್ಲ ಅಂದರು. ಆ ಹುಡುಗಿ ಪಕ್ಕದವಳಿಗೆ ಮೆಲ್ಲಗೆ ಹೇಳಿದ್ದು ಕೇಳಿಸ್ತು: 'ಬೇಜಾರಾಗಿ ಬಂದಿರಬೇಕು.' ಇನ್ನು ನಾನು ಬೀದೀಲಿ ಬಿದ್ದೆ ಅಂತ ಸುಳ್ಳು ಹೇಳಿ ಅಂಗಲಾಚಬೇಕಾ? ಬೇಡ ಕಣೆ. ನಿಮ್ಮ ಕಾಗದವೇ ಹೇಳಿದೆಯಲ್ಲ, ಮನೇಲೇ ಬಿಡಬಹುದು ಅಂತ. ಬಿಡ್ತೀನಿ."

ತಂಗಿ ಆ ಮಾತನ್ನು ಸಂಕಲ್ಪವೆಂದು ತಿಳಿದಳು. ಸಂಕಲ್ಪ ಒಳ್ಳೆಯದಲ್ಲವೇ? ಶಾಲೆಯಲ್ಲಿ ನಮಗೆಲ್ಲ ಹಾಗೆಯೇ ಕಲಿಸಿದ್ದಾರೆ. ಮನಸ್ಸು ಗಟ್ಟಿ ಮಾಡಿದರೆ ಯಾವ ಚಟವೂ ಬಿಡುತ್ತದೆ ಎಂದು ಗೋಡೆಯ ಮೇಲೆ ಬರೆಸುತ್ತೇವೆ. ಆ ಬರಹವನ್ನು ಓದಿ ಸತ್ತವರ ಹೆಸರನ್ನು ಮಾತ್ರ ಯಾವ ಗೋಡೆಯ ಮೇಲೂ ಬರೆಸಿಲ್ಲ.

ಮರುದಿನ ಅವಳು ಕೆಲಸಕ್ಕೆ ಹೋದವಳೇ ಹಳೆಯ ಉತ್ತರಗಳನ್ನು ತೆರೆದಳು. ಬೆಂಚು ತುಂಬದ ಆ ಹೆಂಗಸರನ್ನು ಗಂಡಸರಿಂದ ಬೇರೆ ಮಾಡಿ ಕೂರಿಸಿದಳು, ಕಿತ್ತ ಪ್ರಶ್ನೆಯನ್ನು ಮತ್ತೆ ಒಳಕ್ಕೆ ತಂದಳು. ಮಂದಿ ಕಡಿಮೆಯಿದ್ದುದರಿಂದ ಗೆರೆಯ ಅಂಚು ಮಸುಕಾಗಿತ್ತು, ಅದನ್ನು ಅವಳು ಅಲ್ಲಗಳೆಯಲಿಲ್ಲ. ಆದರೆ ಏರುತ್ತಿತ್ತು. ಚಾಪೆಯಂತೆ ಮಲಗಿದ್ದ ಗೆರೆ ಹೆಂಗಸರಲ್ಲಿ ಗೋಡೆಯಂತೆ ನೆಟ್ಟಗೆ ಎದ್ದಿತ್ತು. ಅವರ ಮಟ್ಟಿಗೆ ರೋಗದ ಆಳವನ್ನು ಉಳಿದ ಎಲ್ಲ ಪ್ರಶ್ನೆಗಳಿಗಿಂತ ಹೆಚ್ಚು ಬಲ್ಲದ್ದು ಅದೊಂದೇ. ಗಂಡಸರ ರಾಶಿಯಲ್ಲಿ ಬೆರೆಸಿದ್ದರಿಂದ ಮಾತ್ರ ಅದು ಚಪ್ಪಟೆಯಾಗಿ ಕಂಡಿತ್ತು. ಉತ್ತರಗಳು ಹೊಂದದೆ ಇದ್ದದ್ದಲ್ಲ. ಏಣಿಯೇ ಬೇರೆ ಮನೆಯದಾಗಿತ್ತು.

ಅವಳು ಮೊದಲು ವಾರ್ಡಿನ ವೈದ್ಯೆಯ ಬಳಿಗೆ ಓಡಿದಳು. ವೈದ್ಯೆ ಕೈ ತೊಳೆಯುತ್ತಿದ್ದಳು; ಮೂರು ಜನರ ಕೆಲಸ ಒಬ್ಬಳೇ ಮಾಡುವವಳ ದಣಿವು ಅವಳ ಬೆನ್ನಲ್ಲಿತ್ತು.

"ನನ್ನ ಅಕ್ಕ. ಅವಳದು ಸೌಮ್ಯ ಅಲ್ಲ, ಬೆಳಿಗ್ಗೆ ಕುಡಿಯೋ ತನಕ ಕೈ ನಡುಗುತ್ತೆ. ಅಳತೆ ತಪ್ಪಿದೆ. ನಾನು ಹೇಳ್ತಿದ್ದೀನಿ, ನಾನೇ ಮಾಡಿದ ಅಳತೆ."

ವೈದ್ಯೆ ನಗಲಿಲ್ಲ. "ಸಂಬಂಧಿಕರ ಮಾತಿನಿಂದ ಅಂಕ ಬದಲಿಸಕೂಡದು. ಯಾರು ಬರೆದದ್ದು ಇದು?"

"ನಾನೇ."

"ಅದನ್ನ ತೋರಿಸಿ ತಾನೇ ನಾನು ದಿನಾ ಎಷ್ಟೋ ತಾಯಂದಿರನ್ನ ವಾಪಸ್ ಕಳಿಸ್ತಿರೋದು? ಇವತ್ತು ನಿಮ್ಮ ಅಕ್ಕನಿಗೆ ಬಾಗಿಲು ತೆಗೆದರೆ ನಾಳೆ ಆ ತಾಯಂದಿರ ಮುಖ ಹೇಗೆ ನೋಡಲಿ? ಹೊಸದಾಗಿ ಅಳೆಯೋ ಹಾಗೂ ಇಲ್ಲ, ಅರ್ಧ ವರ್ಷ ಆಗಬೇಕು. ನಿರ್ದೇಶಕರ ಸಹಿ ತನ್ನಿ, ಇವತ್ತೇ ಹಾಸಿಗೆ ಕೊಡ್ತೀನಿ." ಕೈ ಒರೆಸಿಕೊಳ್ಳುತ್ತ ತಟ್ಟನೆ ತಿರುಗಿದಳು. "ಬೆಳಿಗ್ಗೆ ಕೈ ನಡುಗುತ್ತೆ ಅಂದಿರಾ? ಹಾಗಿದ್ರೆ ಒಂದು ಮಾತು. ಯಾವ ಕಾರಣಕ್ಕೂ ಒಮ್ಮೆಗೇ ನಿಲ್ಲಿಸಬಾರದು. ವೈದ್ಯರ ಕಣ್ಣಳತೇಲಿ, ಔಷಧಿ ಕೊಟ್ಟು ನಿಲ್ಲಿಸಬೇಕು. ಫಿಟ್ಸ್ ಬರುತ್ತೆ, ಜೀವಕ್ಕೇ ಬರಬಹುದು. ಮನೆಯವರಿಗೆ ಹೇಳಿ, ಈಗಲೇ."

ತಂಗಿ ಭಾವನಿಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ಅಕ್ಕನಿಗೆ ಮಾಡಿದಳು, ಆರಿಸಿಟ್ಟಿತ್ತು. ಒಂದೇ ಮೆಟ್ಟಿಲ ಸಾಲಿನ ಮೇಲೆ ನಿರ್ದೇಶಕರ ಕೋಣೆ. ಸಹಿಯೊಂದು ಸಿಕ್ಕರೆ ಅಕ್ಕನನ್ನು ನೇರ ಕರೆತರಬಹುದು ಎಂದು ಮೇಲಕ್ಕೆ ಹತ್ತಿದಳು. ಕೆಳಕ್ಕೆ ಇಳಿಯದೆ ಮೇಲಕ್ಕೆ ಹತ್ತಿದ್ದು ಅವಳ ಎರಡನೆಯ ತಪ್ಪು.

ನಿರ್ದೇಶಕರು ಸಮಾಧಾನವಾಗಿ ಕೇಳಿದರು. ಗೆರೆಯನ್ನು ನೋಡಿದರು, ತಲೆದೂಗಿದರು. "ನೀವು ಹೇಳೋದರಲ್ಲಿ ಹುರುಳಿದೆ. ಮುಂದಿನ ಪರಿಷ್ಕರಣೆಗೆ ಖಂಡಿತ ತಗೊಳ್ಳೋಣ. ಆದರೆ ಈಗ ಎಷ್ಟು ಆಸ್ಪತ್ರೆ ಬಳಸ್ತಿವೆ ಯೋಚಿಸಿ. ಒಬ್ಬರಿಗೋಸ್ಕರ ಗಜಕಡ್ಡಿ ಬಗ್ಗಿಸಿದರೆ ಅದು ಗಜಕಡ್ಡಿಯಾಗಿ ಉಳಿಯುತ್ತಾ? ಇದನ್ನ ನನಗೆ ಕಲಿಸಿದ್ದೇ ನೀವು."

"ಒಂದು ಸಹಿ ಸರ್."

"ನಿಮ್ಮ ಹೆಸರಿಗೇ ಕಳಂಕ ಬರುತ್ತಮ್ಮ. ತನ್ನ ಅಕ್ಕನಿಗೆ ಅಂದ ಕೂಡಲೇ ನಿಯಮ ಸಡಿಲ ಮಾಡಿದಳು ಅಂತಾರೆ. ಪರಿಷ್ಕರಣೆ ಸಮಿತಿಗೆ ಒಂದು ಟಿಪ್ಪಣಿ ಬರೆದುಕೊಡಿ, ನಾನೇ ಮುಂದಿಡ್ತೀನಿ."

ಅವಳು ಟಿಪ್ಪಣಿ ಬರೆಯಲು ಕುಳಿತಳು! ಬರೆಯುವುದು ಬಿಟ್ಟು ಬೇರೆ ಅಸ್ತ್ರ ಅವಳಿಗೆ ತಿಳಿದಿರಲಿಲ್ಲ. ಚೆನ್ನಾಗಿಯೇ ಬರೆದಳು, ಭಾಷೆಯಲ್ಲಿ ಎಲ್ಲಿಯೂ ಸೊಕ್ಕಿರಲಿಲ್ಲ, ಅಕ್ಕನ ಸುಳಿವಿರಲಿಲ್ಲ. ಮುಗಿಸಿ ಕೊಟ್ಟು ಬೀದಿಗೆ ಬಂದಾಗ ಶಾಲೆಗಳು ಬಿಟ್ಟಿದ್ದವು, ನೀಲಿ ಲಂಗಗಳ ಸಾಲು ರಸ್ತೆ ದಾಟುತ್ತಿತ್ತು.

ಅಕ್ಕನ ಮುಂಗೋಣೆಯ ಕದ ಮುಚ್ಚಿತ್ತು. ಹಗಲಲ್ಲಿ ಅದು ಮುಚ್ಚಿದ್ದನ್ನು ತಂಗಿ ಎಂದೂ ಕಂಡಿರಲಿಲ್ಲ. ಭಾವ ಬಾಗಿಲು ತೆಗೆದ. ರಜೆ ಹಾಕಿ ಮನೆಯಲ್ಲೇ ಇದ್ದ. ತೋಳು ಮಡಿಸಿ ಕೆಲಸಕ್ಕೆ ನಿಂತವನ ಹುರುಪಿತ್ತು.

"ಬಾ ಬಾ. ನಿಮ್ಮಕ್ಕ ನಿನ್ನೆಯಿಂದ ಒಂದು ಹನಿ ಮುಟ್ಟಿಲ್ಲ! ಇಸ್ತ್ರಿ ಬಾಟಲಿ, ದಾರದ ಡಬ್ಬಿ, ನೀರಿನ ತೊಟ್ಟಿಯ ಹಿಂದೆ, ಎಲ್ಲಾ ಹುಡುಕಿ ಮೋರಿಗೆ ಸುರಿದೆ. ಅವಳೇ ತೋರಿಸಿದಳು, ಪಾಪ. ಫೋನೂ ತೆಗೆದಿಟ್ಟಿದ್ದೀನಿ, ಯಾರೂ ತಂದುಕೊಡಬಾರದಲ್ಲ."

"ಭಾವ, ಹಾಗೆ ನಿಲ್ಲಿಸಬಾರದು! ಎಲ್ಲಿ ಅವಳು? ಈಗಲೇ ಆಸ್ಪತ್ರೆಗೆ..."

"ಮತ್ತೆ ಆಸ್ಪತ್ರೆಯಾ? ಬೀದಿಯವರೆಲ್ಲ ನೋಡ್ಲಿ ಅಂತಲಾ? ಸ್ವಲ್ಪ ಬೆವರ್ತಾಳೆ, ಬಡಬಡಿಸ್ತಾಳೆ, ಅಷ್ಟೆ. ಎರಡು ದಿನ ಕಷ್ಟ, ಆಮೇಲೆ ಸರಿಹೋಗುತ್ತೆ. ನೀವೇ ಬರೆದಿದ್ದೀರಲ್ಲಮ್ಮ, ಮನೆಯಲ್ಲಿಯೇ ನಿಲ್ಲಿಸಲು ಅಂತ! ನಾನೇನು ಸ್ವಂತ ಬುದ್ಧಿ ಓಡಿಸಿದೆನಾ?"

ಅವನು ಕೆಟ್ಟವನಲ್ಲ. ಅದೇ ಸಂಕಟ. ಅವನು ಹಿಂದಿನ ರಾತ್ರಿಯಿಂದ ಹೆಂಡತಿಯ ತಲೆಯ ಬಳಿ ಕುಳಿತು ಹಣೆ ಒರೆಸಿದ್ದ, ಜೀವನದಲ್ಲಿ ಮೊದಲ ಬಾರಿಗೆ ಗಂಜಿ ಕಾಸಿದ್ದ. ವಿದ್ಯಾವಂತರ ಮುದ್ರೆಯನ್ನು ನಂಬಿದ್ದ.

ಅಕ್ಕ ಒಳಕೋಣೆಯಲ್ಲಿ ಗೋಡೆಗೊರಗಿ ಕುಳಿತಿದ್ದಳು. ಬೆವರಿಗೆ ರವಿಕೆ ಮೈಗೆ ಅಂಟಿತ್ತು. ಬೆರಳುಗಳು ಗಾಳಿಯಲ್ಲಿ ಕಾಣದ ಸೂಜಿಗೆ ಕಾಣದ ದಾರ ಪೋಣಿಸುತ್ತಿದ್ದವು.

"ಅಕ್ಕಾ, ಏಳು. ಹೋಗೋಣ."

"ಅಮ್ಮಾ, ಸರಾಸರಿಗೆ ಹಾಲಿನ ಗಾಡಿ ಬಂತು, ಬೇಗ ಜಡೆ ಹಾಕು," ಎಂದಳು ಅಕ್ಕ, ತಂಗಿಯ ಹೆಗಲಾಚೆ ನೋಡುತ್ತ. ಆಮೇಲೆ ಒಂದು ಕ್ಷಣ ಕಣ್ಣು ತಿಳಿಯಾಯಿತು. "ನೋಡೇ, ಬಿಟ್ಟೆ. ನೀವು ಹೇಳಿದ ಹಾಗೇ ಬಿಟ್ಟೆ."

ಬಾಡಿಗೆ ಗಾಡಿ ಸಿಕ್ಕಿತು. ಭಾವ ಶಾಲು ಹೊದಿಸಿ ಮುಖ ಮರೆಮಾಡಿಯೇ ಹತ್ತಿಸಿದ. ಆಸ್ಪತ್ರೆಯ ತಿರುವಿಗೆ ಬರುವಾಗ ಅಕ್ಕನ ಮೈ ಬಿಲ್ಲಿನಂತೆ ಸೆಟೆಯಿತು, ಹಲ್ಲು ಕಚ್ಚಿತು, ತಲೆ ಬಾಗಿಲಿಗೆ ಬಡಿಯತೊಡಗಿತು. ತಂಗಿ ತನ್ನ ಅಂಗೈಯನ್ನು ಆ ತಲೆಗೂ ಬಾಗಿಲಿಗೂ ನಡುವೆ ಇಟ್ಟಳು. ಒಂದು ಸೆಳವು ನಿಲ್ಲುವ ಮೊದಲೇ ಇನ್ನೊಂದು ಬಂತು.

ಹಾಸಿಗೆ ಆಗ ಸಿಕ್ಕಿತು. ಯಾರೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ಅಂಕ ಎಷ್ಟೆನ್ನಲಿಲ್ಲ. ಬೆಳಗಾಗುವ ಹೊತ್ತಿಗೆ ಅದು ತೆರವೂ ಆಯಿತು. ವೈದ್ಯೆ ಬಂದು ತಂಗಿಯ ಪಕ್ಕದ ಕುರ್ಚಿಯಲ್ಲಿ ಕುಳಿತಳು. ತನ್ನ ಬಿಳಿ ಕೋಟನ್ನು ಕಳಚಿ ಮಡಿಲಲ್ಲಿಟ್ಟುಕೊಂಡಳು. ಭಾವ ಹೊರಗಿನ ಹಾದಿಯಲ್ಲಿ ಸಿಕ್ಕವರಿಗೆಲ್ಲ ಆ ಕಾಗದ ಬಿಡಿಸಿ ತೋರಿಸುತ್ತಿದ್ದ. "ಸೌಮ್ಯ ಅಂತ ಬರೆದಿದೆ ಸ್ವಾಮಿ. ನೀವೇ ಓದಿ. ಸೌಮ್ಯ ಅಂತ ತಾನೇ ಬರೆದಿರೋದು?" ಒಬ್ಬ ಜಾಡಮಾಲಿ ನಿಂತು ಓದಿ, ಹೌದೆಂದು ತಲೆಯಾಡಿಸಿ ಮುಂದೆ ಹೋದ.

ಆಮೇಲೆ ಏನಾಯಿತೆಂದು ಕೇಳುವಿರಾ? ಏನೂ ಆಗಲಿಲ್ಲ. ನಿರ್ದೇಶಕರು ಮನೆಗೆ ಬಂದು ಕಣ್ಣೊರೆಸಿಕೊಂಡರು, ಅವರ ಕಣ್ಣೀರು ನಿಜವಾದದ್ದೇ. ಸಮಿತಿ ಸೇರಿತು, ಟಿಪ್ಪಣಿಯನ್ನು ಮೆಚ್ಚಿತು, ಮಾಹಿತಿ ಸಾಲದೆಂದಿತು, ಇನ್ನಷ್ಟು ಹೆಂಗಸರ ಉತ್ತರ ಕೂಡಿಸಿದ ಮೇಲೆ ನೋಡೋಣವೆಂದಿತು. ವರ್ಷದ ಕೊನೆಗೆ ಅಳತೆಗೋಲು ಎಷ್ಟು ಸರಿಯಾಗಿತ್ತೆಂದು ಒರೆಗೆ ಹಚ್ಚುವಾಗ, ಅಳೆದವರನ್ನೆಲ್ಲ ಮತ್ತೆ ಸಂಪರ್ಕಿಸಿದರು. ಅಕ್ಕನ ಹೆಸರಿನ ಮುಂದೆ, ವಿಷಯ ತಿಳಿಯದ ಯಾವನೋ ಹೊಸಬ 'ಸಂಪರ್ಕಕ್ಕೆ ಸಿಗಲಿಲ್ಲ' ಎಂದು ಬರೆದ. ಸಂಪರ್ಕಕ್ಕೆ ಸಿಗದವರನ್ನು ಲೆಕ್ಕದಿಂದ ಬಿಡುವುದು ಪದ್ಧತಿ. ಬಿಟ್ಟರು. ಅಳತೆಗೋಲು ಹೋದ ವರ್ಷಕ್ಕಿಂತ ಚೊಕ್ಕವಾಗಿ ತೇರ್ಗಡೆಯಾಯಿತು.

ತಂಗಿ ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ನಿಮಗೂ ಸಮಾಧಾನ, ಅವಳಿಗೂ ಸಮಾಧಾನ. ಅವಳು ಪ್ರತಿ ಸಭೆಗೂ ಅದೇ ಟಿಪ್ಪಣಿ ತರುತ್ತಾಳೆ. ಅವಳು ಬಾಯಿ ತೆರೆದರೆ ಉಳಿದವರು ಗಡಿಯಾರ ನೋಡುತ್ತಾರೆ. "ಪಾಪ, ಅಕ್ಕ ಹೋದ ಮೇಲೆ ಹೀಗೆ" ಎಂದು ಚಹಾದ ಹೊತ್ತಿನಲ್ಲಿ ಪಿಸುಗುಟ್ಟುತ್ತಾರೆ. ಅವಳ ಪೆನ್ಸಿಲುಗಳು ಮೊಂಡಾಗಿವೆ. ಹೊರಗಿನ ಬೆಂಚಿನಲ್ಲಿ, ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಯಾವಳಾದರೂ ಕುಳಿತಿದ್ದರೆ, ತಂಗಿ ಕಿಟಕಿಯ ಹಬೆ ಒರೆಸಿ ನೋಡುತ್ತಾಳೆ. ಕೆಲವೊಮ್ಮೆ ಕೆಳಗಿಳಿದು ಬರುವಷ್ಟರಲ್ಲಿ ಬೆಂಚು ಖಾಲಿಯಾಗಿರುತ್ತದೆ.

ಅವಳಿಂದ ಅದಕ್ಕಿಂತ ಹೆಚ್ಚು ಆಗದು. ನಿಮ್ಮಿಂದ ಆಗುತ್ತದೆ. ಸಮಿತಿ ನಿಮ್ಮ ಮನೆಯೊಳಗೆ ಬರುವುದಿಲ್ಲ; ನೀವು ಅಲ್ಲಿಯೇ ಇದ್ದೀರಿ. ಈ ಹಾಳೆಯನ್ನು ಮಡಿಸಿಟ್ಟು, ನಿಮ್ಮ ತಾಯಿ, ಹೆಂಡತಿ, ಅತ್ತಿಗೆ, ಪಕ್ಕದ ಮನೆಯಾಕೆ, ಯಾರ ಬಗೆಗೆ ನಿಮಗೆ ಗೊತ್ತಿದ್ದೂ ಸುಮ್ಮನಿದ್ದೀರೋ ಅವರ ಬಳಿ ಹೋಗಿ ಕುಳಿತುಕೊಳ್ಳಿ. ಬೈಯಬೇಡಿ, ಇದ್ದುದನ್ನು ಮೋರಿಗೆ ಸುರಿಯಬೇಡಿ, ಇವತ್ತಿನಿಂದಲೇ ಬಿಡು ಎಂದು ಆಣೆ ಹಾಕಿಸಬೇಡಿ. ಮುಖಕ್ಕೆ ಶಾಲು ಹೊದಿಸದೆ, ಕೈಹಿಡಿದು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿ ಯಾರಾದರೂ ಕಾಗದ ನೋಡಿ ಸೌಮ್ಯವೆಂದರೆ, ದಯವಿಟ್ಟು ಎದ್ದು ಬರಬೇಡಿ.